ದನಿ ಮುಟ್ಟದ ಕಡೆ

ಬೈರಕೂರಿನ ಬಸ್ಸು ಮುಳಬಾಗಿಲು ಬಿಟ್ಟು ಮಾವಿನ ತೋಪುಗಳ ನಡುವೆ ಓಡುತ್ತಿರುವಾಗ ಅಮರನಾಥನಿಗೆ ಹಿಂದಿನ ಸೀಟಿನಿಂದ ತನ್ನದೇ ದನಿ ಕೇಳಿಸಿತು. ಮೊದಲು ಅವನು ತಾನೇ ಬಾಯಿಬಿಟ್ಟು ಮಾತಾಡಿಬಿಟ್ಟೆನೇನೋ ಎಂದು ಗಾಬರಿಯಾದ. ಬೆಳಿಗ್ಗೆ ಸ್ನಾನ ಮಾಡುವಾಗಿನಿಂದ ಮನಸ್ಸಿನಲ್ಲಿ ಭಾಷಣ ಹೊಸೆಯುತ್ತಲೇ ಇದ್ದ. ಹೈಸ್ಕೂಲಿನಲ್ಲಿ ಆ ದಿನ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಮೊಬೈಲು ಹೇಗೆ ಬಳಸಬೇಕು ಎಂಬ ಬಗ್ಗೆ ಮಾತಾಡುವ ಕೆಲಸ ಸಮಾಜ ವಿಜ್ಞಾನದ ಮೇಷ್ಟ್ರಾದ ಅವನ ಪಾಲಿಗೆ ಬಂದಿತ್ತು. "ನಮ್ಮ ಕಾಲದಲ್ಲಿ ಏನಿತ್ತು ಹೇಳು. ಏನೂ ಇರ್ಲಿಲ್ಲ. ಆದ್ರೂ ಎಲ್ಲಾ ಇತ್ತು," ಎಂದಿತು ದನಿ. "ಈಗ ಫಿಲ್ಟರ್ ನೀರು ಕುಡೀತೀರ. ದಾಹ ಹೋಗುತ್ತಾ? ಹೋಗಲ್ಲ. ಯಾಕೆ ಹೋಗಲ್ಲ? ಕೇಳಲ್ಲ ನೀನು." ಹಿಂದೆ ಇಬ್ಬರು ಹುಡುಗರು ಒಂದೇ ಫೋನಿನ ಮೇಲೆ ತಲೆ ಸೇರಿಸಿ ನಗುತ್ತಿದ್ದರು. ಪರದೆಯ ಮೇಲೆ ಮುಖವಿರಲಿಲ್ಲ. ಒಂದು ಕೈ, ಸ್ಟೀಲ್ ಲೋಟ, ಲೋಟದ ಅಂಚಿನ ಮೇಲೆ ಸುತ್ತುತ್ತಿದ್ದ ಬೆರಳು. ತಾನು ಮಾತಾಡುವಾಗ ಹಾಗೆ ಬೆರಳಾಡಿಸುತ್ತೇನೆ ಎಂಬುದು ಅವನಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಆದರೆ ಲೋಟ ಗೊತ್ತಿತ್ತು. ಅದರ ಹಿಂದೆ ಕಾಣುತ್ತಿದ್ದ ಅಡಿಗೆಮನೆಯ ಕಿಟಕಿ ಗೊತ್ತಿತ್ತು. ಬೆರಳಿನ ಉಗುರಿನ ಪಕ್ಕ ಕಚ್ಚಿ ಕಚ್ಚಿ ಕೆಂಪಾದ ಚರ್ಮ ಗೊತ್ತಿತ್ತು. ಅದು ಅವನ ಮಗಳು ಶ್ರೀವಾಣಿಯ ಕೈ. ಅವನ ದನಿಯನ್ನು ಅಣಕಿಸಿ ಆಡುತ್ತಿದ್ದವಳೂ ಅವಳೇ.

"ಲೇ, ಇದು ನಮ್ಮಪ್ಪನೇ ಕಣೋ," ಎಂದ ಒಬ್ಬ. "ನಮ್ಮಪ್ಪಾನೂ ಹಿಂಗೇ. ಇನ್ನೊಂದ್ ಸಲ ಹಾಕು," ಎಂದ ಇನ್ನೊಬ್ಬ. ಅಮರನಾಥನಿಗೆ ಅವಮಾನ ಎಲ್ಲಿಂದ ಶುರುವಾಗಬೇಕೆಂದೇ ತಿಳಿಯಲಿಲ್ಲ. ತನ್ನನ್ನು ಆಡಿಕೊಂಡಿದ್ದಾರೆ, ಆದರೆ ಆಡಿಕೊಂಡಿರುವುದು ತನ್ನನ್ನೇ ಎಂದು ಇವರಿಗೆ ಗೊತ್ತಿಲ್ಲ. ತಾನು ಎಲ್ಲರ ಅಪ್ಪನ ಹಾಗೆ ಒಬ್ಬ ಅಪ್ಪ. ತಿರುಗಿ ನೋಡುತ್ತಲೇ ಕುಳಿತಿದ್ದ ಅವನನ್ನು ಕಂಡು ಹುಡುಗ ಮರ್ಯಾದೆಯಿಂದ, "ನೋಡ್ತೀರಾ ಅಂಕಲ್? ಸಖತ್ತಾಗಿದೆ," ಎಂದು ಫೋನನ್ನೇ ಮುಂದಕ್ಕೆ ಚಾಚಿದ. ಅಮರನಾಥ ಅದನ್ನು ಹಿಡಿದುಕೊಂಡ. ಇದೊಂದೇ ಅಲ್ಲ, ಇಂಥ ವಿಡಿಯೋಗಳು ಹತ್ತಾರಿದ್ದವು. ಹೆಂಡತಿ ಗಂಗಾಲಕ್ಷ್ಮಿ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತ ಗೊಣಗುವ ದನಿ, ಹಾಲಿನವನ ದನಿ, ಪಕ್ಕದ ಮನೆಯ ಚಿಕ್ಕಗಂಗಮ್ಮ ನಲ್ಲಿ ನೀರಿಗೆ ಕಾಯುತ್ತ ಬೈಯುವ ದನಿ. ಕೆಳಗೆ ಜನ ನಕ್ಕಿದ್ದರು, ಹೊಗಳಿದ್ದರು. ಅವರ ಮಧ್ಯೆ ಒಂದೇ ಹೆಸರು ಮತ್ತೆ ಮತ್ತೆ. 'ದನಿ ಇಷ್ಟು ಚೆನ್ನಾಗಿದೆ, ನೀನು ಹೆಂಗಿದೀಯ.' 'ಮುಖ ತೋರಿಸು.' ಆಮೇಲಿನ ಎಲ್ಲದರ ಕೆಳಗೂ ಎರಡೇ ಮಾತು: 'ಮೆಸೇಜ್ ನೋಡು.' 'ಮೆಸೇಜ್ ನೋಡು.' ಅವನು ಫೋನನ್ನು ಹುಡುಗನಿಗೆ ವಾಪಸ್ಸು ಕೊಟ್ಟು ಕಿಟಕಿಯ ಕಡೆ ಮುಖ ಮಾಡಿದ. 

ಹೋದ ತಿಂಗಳು ತಾನೇ ಮಗಳ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿತ್ತು. ಒಂದು ವಾರ ಮನೆಯಲ್ಲಿ ಮಾತಿಲ್ಲ. ಆಮೇಲೆ, ಓದೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಲ್ಲ ಎಂದು ಮಾತು ತೆಗೆದುಕೊಂಡು ಹಿಂದಕ್ಕೆ ಕೊಟ್ಟಿದ್ದ; ಕೊಡುವಾಗ ತನಗೆ ತಾನು ಎಷ್ಟು ದೊಡ್ಡ ಮನಸ್ಸಿನವನಾಗಿ ಕಂಡಿದ್ದ. ಇವತ್ತು ಸಾಯಂಕಾಲ ಹೋಗಿ ಆ ಫೋನನ್ನು ಒಗೆಯುವ ಕಲ್ಲಿನ ಮೇಲಿಟ್ಟು ಜಜ್ಜಬೇಕು ಅನ್ನಿಸಿತು. ಜಜ್ಜಿದರೆ ಹೇಗೆ ಶಬ್ದ ಬರಬಹುದೆಂದೂ ಊಹಿಸಿದ. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು, ಅದು ಬಸ್ಸಿನ ಕುಲುಕಾಟಕ್ಕೆ ಮೇಲೆ ಮೇಲೆ ಬರುತ್ತಿತ್ತು. 'ಕೇಳಲ್ಲ ನೀನು' ಎನ್ನುವಾಗ ಶ್ರೀವಾಣಿ ಕೊನೆಯನ್ನು ಒಂದಿಷ್ಟು ಎಳೆದು, ಎಳೆದದ್ದನ್ನು ಮೇಲಕ್ಕೆತ್ತಿ ಬಿಟ್ಟಿದ್ದಳು. ಅದು ಅವನ ಅಮ್ಮ ಆಂಜಿನಮ್ಮನ ಎಳೆತ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುತ್ತಿದ್ದ ಅಮ್ಮ ಎರಡನ್ನೂ ಒಂದೇ ರಾಗದಲ್ಲಿ ಆಡುತ್ತಿದ್ದಳು. ಕೋಲಾರದಲ್ಲಿ ಬಿ.ಎಡ್. ಓದುವಾಗ ಪಾಠ ಹೇಳಿ ತೋರಿಸಲು ನಿಂತ ಅವನ ಬಾಯಿಂದ ಆ ರಾಗ ಬಂದಾಗ ಹುಡುಗರು ಮೇಜು ಕುಟ್ಟಿ ನಕ್ಕಿದ್ದರು. ಆವತ್ತಿನಿಂದ ರೂಮಿನಲ್ಲಿ ರೇಡಿಯೋ ವಾರ್ತೆ ಓದುವವರ ಹಿಂದೆಯೇ ಓದಿ ಓದಿ ನಾಲಗೆಯನ್ನು ಉಜ್ಜಿದ. ರಜೆಗೆ ಊರಿಗೆ ಹೋದರೆ ಅಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಿ, "ಎವರಿ ಮಾಟ ರಾ ಇದಿ?" ಎಂದಿದ್ದಳು. ಯಾರ ಮಾತೋ ಇದು. ಅವಳು ಹೋದಾಗ ಶ್ರೀವಾಣಿ ಇನ್ನೂ ತೊಟ್ಟಿಲಲ್ಲಿದ್ದಳು. ಅಮ್ಮನ ದನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ, ಯಾವ ಫೋನಿನಲ್ಲೂ ಇಲ್ಲ. ತನ್ನೊಳಗೂ ಇಲ್ಲ ಎಂದುಕೊಂಡಿದ್ದ. ಮಗಳು ಅದನ್ನು ಅವನ ಬಾಯಿಂದಲೇ ಹೆಕ್ಕಿ ತೆಗೆದಿದ್ದಾಳೆ, ಏನು ಸಿಕ್ಕಿದೆ ಎಂದು ತಿಳಿಯದೆ.

ಹುಟ್ಟೂರು ದೇವರಾಯಸಮುದ್ರದ ಕೆರೆಯ ಮೇಲೆ ಆ ದನಿ ಹೇಗೆ ಹಾಯುತ್ತಿತ್ತು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದು ಕೆರೆಯಂಗಳ ಬಿರಿದಾಗ ಅಲ್ಲಿ ಸೌತೆ ಬಳ್ಳಿ ಹಬ್ಬಿಸುತ್ತಿದ್ದರು. ಹುಡುಗರು ಎಳೆಗಾಯಿ ಕಿತ್ತು ಅಂಗಿಗೆ ಉಜ್ಜಿ ತಿನ್ನುತ್ತಿದ್ದರು, ಬಾಯಲ್ಲಿ ಮಣ್ಣಿನ ರುಚಿ ಮೊದಲು, ಆಮೇಲೆ ತಣ್ಣಗಿನ ನೀರು. ನೀರಿದ್ದ ವರ್ಷ ಏರಿಯ ಕಲ್ಲುಗಳ ಮೇಲೆ ಒಗೆದ ಸೀರೆಗಳು ಒಣಗುತ್ತಿದ್ದವು. ಸಂಜೆ ಬೆಟ್ಟದ ಬಂಡೆಗಳ ಕಾವು ಇಳಿಯುವ ಹೊತ್ತಿಗೆ ಅಮ್ಮ ಏರಿಯ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕರೆಯುತ್ತಿದ್ದಳು. "ಅಮರಾಆ." ದನಿ ನೀರಿನ ಮೇಲೆ ಜಾರಿಕೊಂಡು ಬಂದು ಅವನ ಬೆನ್ನಿಗೆ ತಾಗುತ್ತಿತ್ತು. ತೂಬಿನವರೆಗೂ ಬರುತ್ತಿತ್ತು. ತೂಬು ದಾಟಿದರೆ ಹುಣಿಸೆ ಮರಗಳು, ಅಲ್ಲಿಗೆ ಬರುತ್ತಿರಲಿಲ್ಲ. ಹುಡುಗರು ಇರುತ್ತಿದ್ದದ್ದು ಅಲ್ಲೇ. ಯಾಕೆ ಓಗೊಡಲಿಲ್ಲ ಎಂದು ಅಮ್ಮ ಕೇಳಿದರೆ ಕೇಳಿಸಲೇ ಇಲ್ಲ ಎನ್ನಬಹುದಿತ್ತು, ಅದು ಸುಳ್ಳೂ ಆಗಿರಲಿಲ್ಲ. ಇದನ್ನೇ ಅವನು ಇವತ್ತು ಮಕ್ಕಳಿಗೆ ಹೇಳಬೇಕೆಂದಿದ್ದ. ಮಕ್ಕಳೇ, ನಮ್ಮ ಕಾಲದಲ್ಲಿ ನಾವು ಕೆರೆಯಲ್ಲಿ ಬೆಳೆದೆವು, ನೀವು ಆರು ಇಂಚಿನ ಗಾಜಿನಲ್ಲಿ ಬೆಳೆಯುತ್ತಿದ್ದೀರಿ. ನಮಗೆ ಯಾವ ಅಪಾಯವೂ ಇರಲಿಲ್ಲ. ಈ ಸಾಲು ಹೊಳೆದಾಗ ಅವನಿಗೆ ಕಣ್ಣು ತೇವವಾಗಿತ್ತು.

ಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಮುನಿರಾಮಪ್ಪ ಆಗಲೇ ಎರಡು ತರಗತಿಯನ್ನೂ ಹಾಲಿನಲ್ಲಿ ಸೇರಿಸಿ ಕೂರಿಸಿದ್ದರು. "ಶುರು ಮಾಡ್ಬಿಡಿ ಅಮರನಾಥ್. ನಾನು ಫೋಟೋ ತೆಕ್ಕೊಂತೀನಿ, ಗ್ರೂಪಿಗೆ ಹಾಕ್ಬೇಕು," ಎಂದು ಕಿಟಕಿಯ ಹತ್ತಿರ ಫೋನು ಎತ್ತಿ ಹಿಡಿದು ನಿಂತರು. ಅಮರನಾಥ ಗಂಟಲು ಸರಿ ಮಾಡಿಕೊಂಡ. "ಮಕ್ಕಳೇ, ನಮ್ಮ ಕಾಲದಲ್ಲಿ," ಎಂದ. ಅಷ್ಟೇ. ಹಿಂದಿನ ಸಾಲಿನಲ್ಲಿ ಫರ್ಹಾದ್ ಎಂಬ ಹುಡುಗ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಮೇಲೆ ಮೆಲ್ಲಗೆ ಬೆರಳು ಸುತ್ತಿಸಿದ. ಪಕ್ಕದವನು ತುಟಿ ಕಚ್ಚಿಕೊಂಡ. ನಗು ಬೆಂಚಿನಿಂದ ಬೆಂಚಿಗೆ ಶಬ್ದವಿಲ್ಲದೆ ದಾಟಿತು. ಅವರೂ ನೋಡಿದ್ದಾರೆ. ಅದು ತನ್ನದೇ ದನಿಯೆಂದು ಇವರಿಗೂ ತಿಳಿದಿಲ್ಲ, ಬರೀ ಆ ಮಾತು ಕೇಳಿ ನಕ್ಕಿದ್ದಾರೆ. ತಿಳಿದಿಲ್ಲ ಎಂಬುದೇನೂ ಸಮಾಧಾನ ಕೊಡಲಿಲ್ಲ. ಮುಂದಿನ ವಾಕ್ಯ ಬಾಯಿಯೊಳಗೇ ಇತ್ತು, ಆದರೆ ಅದನ್ನು ಆಡಿದರೆ ಶ್ರೀವಾಣಿ ಆಡಿದ ಹಾಗೇ ಆಗುತ್ತದೆ. ಇಷ್ಟು ವರ್ಷ ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿಕೊಂಡು ಬಂದ ಮನುಷ್ಯ ಎಂದು ತನ್ನನ್ನು ಹೊರಗಿನಿಂದ ಕಂಡ. ಬೆರಳುಗಳನ್ನು ಮಡಚಿ ಜೇಬಿಗೆ ಸೇರಿಸಿದ.

ಬಸ್ಸಿನಲ್ಲಿ ಕಂಡ ಎರಡು ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. "ಫೋನಲ್ಲಿ ನಿಮಗೆ ಹೆದರಿಕೆ ಆಗೋ ಅಂಥದ್ದು ಏನಾದ್ರೂ ಬಂದ್ರೆ, ಯಾರಿಗೆ ಹೇಳ್ತೀರ?" ಎಂದು ಕೇಳಿದ. "ಅಪ್ಪ ಅಮ್ಮಂಗೆ ಸಾರ್," ಎಂದಿತು ಇಡೀ ಹಾಲು, ಮಗ್ಗಿ ಒಪ್ಪಿಸಿದ ಹಾಗೆ. ಮುನಿರಾಮಪ್ಪ ಮೆಚ್ಚಿ ತಲೆಯಾಡಿಸಿ ಒಂದು ಫೋಟೋ ತೆಗೆದರು. "ನಿಜ ಹೇಳಿ. ಇದಕ್ಕೆ ಮಾರ್ಕ್ಸ್ ಇಲ್ಲ," ಎಂದ ಅಮರನಾಥ.  ಈ ಸಲ ತಾನೇ ಉತ್ತರ ಹೇಳದೆ ಕಾದ.  ಆಗ ಹುಡುಗಿಯರ ಕಡೆಯಿಂದ ನಿಶಾತ್ ಎದ್ದು ನಿಂತಳು. ಅವಳ ಅಪ್ಪ ಅಬ್ದುಲ್ ಖಾದರ್ ರೇಷ್ಮೆ ಗೂಡಿನ ವ್ಯಾಪಾರಿ, ಸ್ಕೂಲಿನ ಸಭೆಗೆ ತಪ್ಪದೆ ಬಂದು ಕೊನೆಯವರೆಗೂ ಕೂರುವ ಮನುಷ್ಯ. "ಯಾರಿಗೂ ಹೇಳಲ್ಲ ಸಾರ್," ಎಂದಳು.

"ಯಾಕಮ್ಮ?"

"ಹೇಳಿದ್ರೆ ಅವ್ನಿಗೇನೂ ಆಗಲ್ಲ ಸಾರ್. ನಮ್ ಫೋನ್ ಹೋಗುತ್ತೆ. ನಮ್ಮಕ್ಕ ಹೇಳಿದ್ಳು. ಯಾರೋ ಕೆಟ್ಟದಾಗಿ ಕಳಿಸ್ತಾನೆ ಅಂತ. ಅವ್ಳ ಫೋನ್ ಹೋಯ್ತು, ಫ್ರೆಂಡ್ಸೂ ಹೋದ್ರು. ನಮ್ಮ ಅಬ್ಬಾ ಹೊಡೆಯೋರೂ ಅಲ್ಲ, ಬೈಯೋರೂ ಅಲ್ಲ ಸಾರ್. ಹೆದರ್ಕೊಂಡ್ರು, ಅಷ್ಟೇ."

ಅವಳು ಕುಳಿತಳು.  ಫರ್ಹಾದನ ಬೆರಳು ಮುಚ್ಚಳದ ಮೇಲೆ ನಿಂತಿತ್ತು. ಅಮರನಾಥನಿಗೆ ಹುಣಿಸೆ ಮರಗಳ ಕೆಳಗಿನ ನೆರಳು ಕಾಣಿಸಿತು. ಇಷ್ಟು ವರ್ಷ ಆ ಕೆರೆಯನ್ನು ಎಷ್ಟೋ ಸಲ ನೆನೆದಿದ್ದಾನೆ, ಎಷ್ಟೋ ಜನರಿಗೆ ವರ್ಣಿಸಿದ್ದಾನೆ, ಆದರೆ ತೂಬಿನ ಆಚೆಗಿನ ಆ ಜಾಗವನ್ನು ಮಾತ್ರ ಬಳಸಿಕೊಂಡು ಹೋಗುತ್ತಿದ್ದ. ಬಲೆ ಹಾಕಲು ಬೇರೆ ಊರಿಂದ ಬರುತ್ತಿದ್ದ ಒಬ್ಬ. ಕಡ್ಲೆಮಿಠಾಯಿ ಕೊಡುತ್ತಿದ್ದ. ಮೀನು ಹಿಡಿಯುವುದು ಕಲಿಸುತ್ತೇನೆ ಎನ್ನುತ್ತಿದ್ದ, ಕಲಿಸಿಯೂ ಇದ್ದ. ನೀರಿನಲ್ಲಿ ಕೈಯನ್ನು ಹೇಗೆ ಅಲುಗಿಸದೆ ಇಡಬೇಕೆಂದು ಅಮರನಾಥನಿಗೆ ಈಗಲೂ ಗೊತ್ತು. ಒಂದು ಸಂಜೆ ಉಳಿದ ಹುಡುಗರು ಇರಲಿಲ್ಲ. ಬಂಡೆಗಳ ಹಿಂದೆ ಬಾ ಎಂದ. ಬೇಡ ಎಂದಾಗ ಮಣಿಕಟ್ಟು ಹಿಡಿದ. ಬಾಯಲ್ಲಿ ಇನ್ನೂ ಮಿಠಾಯಿ ಇತ್ತು, ಬೆಲ್ಲ ಕರಗುತ್ತಿತ್ತು. ಆ ಕೈ ಒದ್ದೆಯಾಗಿದ್ದರಿಂದ ಜಾರಿತು, ಇಲ್ಲದಿದ್ದರೆ ಜಾರುತ್ತಿರಲಿಲ್ಲ. ತೂಬು ದಾಟಿ ಓಡಿದ, ಏರಿಯ ಮೇಲೆ ನಿಂತಿದ್ದ ಅಮ್ಮನ ಸೀರೆಗೆ ಬಂದು ಡಿಕ್ಕಿ ಹೊಡೆದ. "ಏಂ ನಾಯನಾ, ಏಮಾಯಿಂದಿ?" ಎಂದು ಅವಳು ಕೇಳಿದಳು, ಏನಾಯ್ತಪ್ಪ ಎಂದು. ಏನೂ ಇಲ್ಲ, ಹಾವು ಕಂಡೆ ಎಂದ. ನಿಜ ಹೇಳಿದ್ದರೆ ಕೆರೆ ನಿಂತುಹೋಗುತ್ತಿತ್ತು. ಮಾರನೆಯ ದಿನದಿಂದ ಸೌತೆಕಾಯಿಯೂ ಇಲ್ಲ, ಈಜೂ ಇಲ್ಲ, ಗೆಳೆಯರೂ ಇಲ್ಲ. ಆ ಲೆಕ್ಕ ಒಂದೇ ಉಸಿರಿನಲ್ಲಿ ಅವನ ತಲೆಯಲ್ಲಿ ಆಗಿಹೋಗಿತ್ತು.

"ನಾನೂ ಹೇಳಿರಲಿಲ್ಲ," ಎಂದ. ಹೇಳಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ. ನಿಮ್ಮ ವಯಸ್ಸಿಗಿಂತ ಚಿಕ್ಕವನಿದ್ದಾಗ, ಕೆರೆಯ ಹತ್ತಿರ, ಒಬ್ಬ ಮನುಷ್ಯ ಎಂದು ಶುರುಮಾಡಿ ಕೆಲವೇ ಮಾತುಗಳಲ್ಲಿ ಮುಗಿಸಿದ. ತಪ್ಪಿಸಿಕೊಂಡೆ ಎಂದ. ಮುನಿರಾಮಪ್ಪ ಫೋನು ಇಳಿಸಿ ಜೇಬಿಗೆ ಹಾಕಿಕೊಂಡರು. ಮುಂದಿನ ಸಾಲಿನಿಂದ ಒಂದು ಹುಡುಗಿ, "ಹೇಳಿದ್ರೆ ನಿಮ್ಮಮ್ಮ ಏನ್ ಮಾಡ್ತಿದ್ರು ಸಾರ್?" ಎಂದು ಕೇಳಿದಳು. "ಕೆರೆಗೆ ಹೋಗೋದು ನಿಲ್ಲಿಸ್ತಿದ್ರು." "ಏನ್ ಮಾಡಿದ್ರೆ ನೀವು ಹೇಳ್ತಿದ್ರಿ?" ಅಮರನಾಥ ತಡೆದು, ಹುಡುಕಿ, "ನನ್ನ ಜೊತೆ ಬಂದು ಏರಿ ಮೇಲೆ ಕೂತ್ಕೊಂತಾರೆ ಅಂತ ಗೊತ್ತಿದ್ದಿದ್ರೆ ಹೇಳ್ತಿದ್ದೆನೇನೋ," ಎಂದ. 'ಏನೋ' ಎಂಬುದು ತಾನು ಪಾಠ ಮಾಡುವಾಗ ಯಾವತ್ತೂ ಬಳಸದ ಮಾತು. ಆಮೇಲೆ ಸಾಮಾನ್ಯ ಸಂಗತಿಗಳನ್ನು ಹೇಳಿದ: ಗುರುತಿಲ್ಲದವರಿಗೆ ಫೋಟೋ ಕಳಿಸಬೇಡಿ, ಹೆದರಿಸಿದರೆ ಬಂದದ್ದನ್ನು ಅಳಿಸಬೇಡಿ, ಅದೇ ಸಾಕ್ಷಿ. ಬೋರ್ಡಿನ ಮೇಲೆ ದೊಡ್ಡದಾಗಿ ಮಕ್ಕಳ ಸಹಾಯವಾಣಿಯ ನಂಬರು ೧೦೯೮ ಎಂದು ಬರೆದು, ಮನೆಯಲ್ಲಿ ಹೇಳೋಕೆ ಆಗಲ್ಲ ಅನ್ನಿಸಿದರೆ ಇಲ್ಲಿಗೆ ಫೋನ್ ಮಾಡಿ ಎಂದ. ಗಂಟೆ ಹೊಡೆದ ಮೇಲೂ ಮಕ್ಕಳು ಮೇಜಿನ ಸುತ್ತ ನಿಂತಿದ್ದರು. ನಿಶಾತ್ ಮಾತ್ರ ನಿಲ್ಲದೆ ಹೋದಳು. ಹೋಗುವಾಗ ಒಂದು ಸಲ ತಿರುಗಿ ನೋಡಿದಳು. ನಂಬಲೋ ಬೇಡವೋ ಎಂದು ತೂಗುವ ನೋಟ.

ವಾಪಸ್ಸು ಬರುವ ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ಕುಳಿತ. ಮನೆ ಹತ್ತಿರವಾದಂತೆ ಬೆಳಗಿನ ಸಿಟ್ಟು ತನ್ನ ಜಾಗಕ್ಕೆ ಬಂದು ಕೂರಲು ನೋಡುತ್ತಿತ್ತು; ಊರ ಮಕ್ಕಳ ಮುಂದೆ ಒಳ್ಳೆಯವನಾಗುವುದು ಸುಲಭ. ಶ್ರೀವಾಣಿ ಅಡಿಗೆಮನೆಯಲ್ಲಿ ಟೀ ಕಾಸುತ್ತಿದ್ದಳು. ಬಾಗಿಲಲ್ಲೇ ನಿಂತು ಅವಳ ಬೆನ್ನು ನೋಡಿದ. ಎಷ್ಟು ಎತ್ತರವಾಗಿದ್ದಾಳೆ, ಭುಜ ಅವಳ ಅಜ್ಜಿಯ ಹಾಗೇ ಇಳಿಜಾರು.

"ಇವತ್ತು ಬಸ್ಸಲ್ಲಿ ನನ್ನ ದನಿ ಕೇಳ್ದೆ ಕಣೇ," ಎಂದ.

 ಅವಳು ತಿರುಗಲಿಲ್ಲ. ಸ್ಟೌ ಆರಿಸಿದಳು. "ಡಿಲೀಟ್ ಮಾಡ್ತೀನಿ ಅಪ್ಪ."

"ಬೇಡ."

ಅವಳು ಅಕ್ಕಿ ಡಬ್ಬದ ಮೇಲಿಟ್ಟಿದ್ದ ಫೋನು ತೆಗೆದು ಅವನ ಮುಂದೆ ಚಾಚಿದಳು. ಮುಖದಲ್ಲಿ ಅಳುವಿರಲಿಲ್ಲ, ವಾದವಿರಲಿಲ್ಲ. ಮನೆಗೆ ಬಂದ ಕಳ್ಳನಿಗೆ ಬೀಗದ ಕೈ ಕೊಡುವವರ ಹಾಗೆ ಚಾಚಿದ್ದಳು. ಅದು ಬಸ್ಸಿನ ನಗುವಿಗಿಂತ ಹೆಚ್ಚು ಚುಚ್ಚಿತು. "ಕಿತ್ಕೊಳೋಕೆ ಬಂದಿಲ್ಲ," ಎಂದ. "ತುಂಬ ಚೆನ್ನಾಗಿ ಮಾಡಿದೀಯ. ಕೊನೇಲಿ ಎಳೀತೀಯಲ್ಲ, ಅದು ನಿಮ್ಮಜ್ಜಿದು. ನೀನು ಕೇಳೇ ಇಲ್ಲ ಅವಳನ್ನ." ಅವಳ ಹುಬ್ಬು ಸ್ವಲ್ಪ ಮೇಲೆದ್ದಿತು, ಇದು ಯಾವ ತರದ ಬೈಗುಳ ಎಂದು ಅವಳಿಗೆ ತಿಳಿಯಲಿಲ್ಲ. ಅವನು ನಡುಮನೆಯ ಮಂಚದ ಮೇಲೆ ಹೋಗಿ ಕುಳಿತ. ಅವಳು ಫೋನು ಹಿಡಿದುಕೊಂಡೇ ಹಿಂದೆ ಬಂದು ಬಾಗಿಲ ಹತ್ತಿರ ನಿಂತಳು.

"ಮೆಸೇಜ್ ನೋಡು ಅಂತ ಒಬ್ಬ ಬರೀತಿದಾನಲ್ಲ. ಯಾರು ಅವನು?"

"ಗೊತ್ತಿಲ್ಲ." ಫೋನನ್ನು ಕೈಯಲ್ಲೇ ತಿರುವುತ್ತ, "ಮೊದ್ಲು ಚೆನ್ನಾಗೇ ಮಾತಾಡ್ತಿದ್ದ," ಎಂದಳು. "ಆಮೇಲೆ ಫೋಟೋ ಕೇಳ್ದ. ಹಾಕಲ್ಲ ಅಂದೆ. ಈಗ, ನೀನು ಯಾರ ಮಗಳು ಅಂತ ಗೊತ್ತು, ನಿಮ್ಮಪ್ಪ ಮೇಷ್ಟ್ರಲ್ವಾ, ಅವ್ರನ್ನ ಆಡ್ಕೊಂಡು ವಿಡಿಯೋ ಮಾಡಿದೀಯ ಅಂತ ಅವ್ರಿಗೇ ಹೇಳ್ತೀನಿ ಅಂತಾನೆ. ಹೇಳ್ಬಾರ್ದು ಅಂದ್ರೆ ಫೋಟೋ ಕಳಿಸ್ಬೇಕಂತೆ."

ಅಮರನಾಥ ಕೇಳಿದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹಾಯಿಸಿದ. ಯಾರೋ ಒಬ್ಬ, ಎಲ್ಲಿಯೋ ಕುಳಿತು, ಅವನ ಮಗಳನ್ನು ಹೆದರಿಸಲು ಹುಡುಕಿದ ಆಯುಧ ಅವನೇ. ಆ ಬೀರುವಿನ ಬೀಗ, ಆ ಒಂದು ವಾರದ ಮೌನ, ಎಲ್ಲವೂ ಆ ಅಪರಿಚಿತನ ಕೈಗೆ ಸಿಕ್ಕಿದ್ದವು. "ಕಳಿಸಿದ್ಯಾ?" ಎಂದ. 

"ಇಲ್ಲ. ನಾಳೆ ಕಳಿಸ್ತೀನಿ ಅಂದಿದೀನಿ."

ಅವನ ಕೈ ತಾನಾಗೇ ಮುಂದಕ್ಕೆ ಹೋಯಿತು. ಅವಳ ಬೆರಳುಗಳು ಫೋನಿನ ಸುತ್ತ ಬಿಗಿಯಾದದ್ದು ಕಂಡು ಕೈಯನ್ನು ಹಿಂದಕ್ಕೆ ತಂದು ತೊಡೆಯ ಕೆಳಗೆ ಇಟ್ಟುಕೊಂಡ. "ಏನೂ ಅಳಿಸ್ಬೇಡ," ಎಂದ. "ಬೆಳಿಗ್ಗೆ ಇಬ್ರೂ ಠಾಣೆಗೆ ಹೋಗೋಣ. ಅವನು ನನಗೆ ಹೇಳೋಕೆ ಇನ್ನೇನೂ ಉಳಿದಿಲ್ಲ, ನೀನೇ ಹೇಳಿದೀಯಲ್ಲ." ಶ್ರೀವಾಣಿ ಅವನನ್ನೇ ನೋಡುತ್ತಿದ್ದಳು, ಮುಂದಿನ ಮಾತಿನಲ್ಲಿ ಎಲ್ಲಿಯೋ ಶಿಕ್ಷೆ ಇದೆ ಎಂದು ಕಾಯುವ ಹಾಗೆ. ಅದು ಬರದಿದ್ದಾಗ ಮಂಚದ ಇನ್ನೊಂದು ತುದಿಯಲ್ಲಿ ಕುಳಿತಳು. ಆಗ ಅಳು ಬಂತು. ಅವನು ಏನು ಮಾಡಬೇಕೆಂದು ತಿಳಿಯದೆ ಅವಳ ತಲೆಯ ಮೇಲೆ ಕೈಯಿಟ್ಟ. ಎಷ್ಟು ದಿನವಾಗಿತ್ತೋ ಹಾಗೆ ಇಟ್ಟು.

ಗಂಗಾಲಕ್ಷ್ಮಿ ಡ್ಯೂಟಿಯಿಂದ ಬಂದವಳು ಇಬ್ಬರ ಮುಖವನ್ನೂ ನೋಡಿ ಬ್ಯಾಗು ಇಳಿಸದೆ ನಿಂತಳು. "ಏನಾಯ್ತು?" ಅಮರನಾಥ ಬಾಯಿ ತೆರೆದ. "ನಾನೇ ಹೇಳ್ತೀನಿ," ಎಂದು ಶ್ರೀವಾಣಿ ಮೊದಲಿನಿಂದ ಹೇಳಿದಳು, ಮಧ್ಯೆ ಮಧ್ಯೆ ಮೂಗೊರೆಸಿಕೊಳ್ಳುತ್ತ. ಕೇಳುತ್ತ ಕೇಳುತ್ತ ಗಂಗಾಲಕ್ಷ್ಮಿಯ ಕುತ್ತಿಗೆ ಕೆಂಪಾಯಿತು. ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. "ಕೊಡು ಇಲ್ಲಿ. ಇವತ್ತಿಗೆ ಮುಗೀತು. ಇನ್ನ ಮುಟ್ಟಿದ್ರೆ ನೋಡು." ಶ್ರೀವಾಣಿ ಕೊಡಲಿಲ್ಲ, ಬಚ್ಚಿಡಲೂ ಇಲ್ಲ. ಅಪ್ಪನ ಕಡೆ ತಿರುಗಿದಳು.

"ಅವಳ ಹತ್ರಾನೇ ಇರಲಿ," ಎಂದ ಅಮರನಾಥ.

"ಏನ್ ಹೇಳ್ತಿದೀರ ನೀವು? ತಲೆ ಸರಿ ಇದೆಯಾ?"

"ಹೆದರಿಕೆ ನನಗೂ ಇದೆ ಗಂಗಾ. ಕಿತ್ಕೊಂಡ್ರೆ ಮುಂದಿನ ಸಲ ನಮಗೆ ಹೇಳಲ್ಲ."

ಗಂಗಾಲಕ್ಷ್ಮಿ ಚಾಚಿದ ಕೈಯನ್ನು ಚಾಚಿದಂತೆಯೇ ಇಟ್ಟುಕೊಂಡು ಅವನನ್ನು ನೋಡಿದಳು, ಬೇರೆ ಯಾರದೋ ಮನೆಗೆ ಬಂದುಬಿಟ್ಟೆನೇ ಎಂಬ ಹಾಗೆ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಕೈ ನಿಧಾನವಾಗಿ ಇಳಿಯಿತು. ಭುಜದಿಂದ ಬ್ಯಾಗು ಜಾರಿಸಿ ನೆಲದ ಮೇಲಿಟ್ಟು, ಬೆವರಿದ ಮುಖವನ್ನು ಸೆರಗಿನಿಂದ ಒತ್ತಿಕೊಂಡಳು.

"ಏನ್ ಬರ್ದಿದಾನೆ ಆ ನನ್ಮಗ, ತೋರ್ಸು," ಎಂದಳು.

ಶ್ರೀವಾಣಿ ಅಪ್ಪನ ಕಡೆಗೆ ಸರಿದು ಮಂಚದ ಮೇಲೆ ಅಮ್ಮನಿಗೆ ಜಾಗ ಮಾಡಿದಳು.